ಕಡೆಗಣಿಸುವ ಪಟ್ಟಿ

‘ಮಾಹಿರಾ ಫೋಲ್ಡರನ್ನು ಕಡೆಗಣಿಸಲಾಗಿದೆ, ಬೇಕೇ ಬೇಕೆಂದರೆ ಬಲವಂತವಾಗಿ ಸೇರಿಸಿ’ ಎಂದಿತು ಗಿಟ್. ಆಫೀಸಿನ ಫೈಲುಗಳ ಒಂದೊಂದು ಬದಲಾವಣೆಯನ್ನೂ ನೆನಪಿಡುವ ತಂತ್ರಾಂಶ ಅದು. ಎರಡು ತಿಂಗಳಿಂದ ದಿನಾ ಸಂಜೆ ಗುಬ್ಬಿ ಬಸ್ಸು ಹಿಡಿಯುವ ಮುಂಚೆ ಮಾಹಿರಾ ‘ಎಲ್ಲವನ್ನೂ ಸೇರಿಸು’ ಎಂದೇ ಆಜ್ಞೆ ಕೊಡುತ್ತಿದ್ದಳು. ಅದು ತುಟಿಪಿಟಕ್ಕೆನ್ನದೆ ಅವಳ ಫೋಲ್ಡರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಸೇರಿಸಿಕೊಂಡಿತ್ತು. ಇವತ್ತು ಹೆಸರು ಹಿಡಿದು ಕೇಳಿದ್ದಕ್ಕೆ ಬಾಯಿ ಬಿಟ್ಟಿತು.

ಅಂಗಡಿ ಬೋರ್ಡು ಬರೆಯುವ ತಂದೆಯ ಕುಂಚದ ಬಳುಕು ನೋಡಿ ನೋಡಿ ಅವಳು ಬಿಡಿಸಿದ ಕನ್ನಡ ಅಕ್ಷರಗಳೆಲ್ಲ ಆ ಫೋಲ್ಡರಿನಲ್ಲಿದ್ದವು. ಅವೂ ಸೇರಬೇಕಾದ ಆಫೀಸಿನ ಹೊಸ ಫಾಂಟು ನಾಳೆಯೇ ಹೊರಬರಬೇಕಿತ್ತು. ಗಿಟ್ ಏನೇನನ್ನು ಸೇರಿಸಬಾರದೆಂದು ಬರೆದಿಡುವ ಕಡೆಗಣಿಸುವ ಪಟ್ಟಿಯನ್ನು ಅವಳು ತೆರೆದಳು. ಗಿಟ್ ನೆನಪಿಟ್ಟಿದ್ದ ಪ್ರಕಾರ ಅವಳ ಹೆಸರು ಅಲ್ಲಿಗೆ ಸೇರಿದ್ದು ಕೆಲಸಕ್ಕೆ ಬಂದ ಮೊದಲ ದಿನವೇ. ಸೇರಿಸಿದವರು ಅವಳ ಮೇಲಧಿಕಾರಿ ಮಲ್ಲಿಕಾರ್ಜುನ್.

“ಸರ್, ಬಲವಂತವಾಗಿ ಸೇರಿಸ್ಲಾ?”

ಅವರು ಟೀ ಲೋಟ ಹಿಡಿದು ಬಂದು ಓದಿದರು. “ಹೊಸಬರು ಗೀಚಿದ್ದು ಫಾಂಟಿಗೆ ಬೆರೀದಿರ್ಲಿ ಅಂತ ಹಾಕಿದ್ದೆ ಕಣಮ್ಮ. ಆಮೇಲೆ ಮರ್ತೇಬಿಟ್ಟೆ.” ಲೋಟ ಕೆಳಗಿಟ್ಟು, ಕೀಬೋರ್ಡು ಎಳೆದುಕೊಂಡು ಆ ಸಾಲನ್ನು ತಾವೇ ಅಳಿಸಿದರು. “ಬಲವಂತ ಯಾಕೆ? ಈಗ ಸೇರ್ಸು.”

ಮಾಹಿರಾ ದಿನಾ ಕೊಡುತ್ತಿದ್ದ ಆಜ್ಞೆಯನ್ನೇ ಕೊಟ್ಟಳು. ಗಿಟ್ ಎಂದಿನಂತೆ ಸುಮ್ಮನಿತ್ತು. ಆ ಮೌನವನ್ನು ನಂಬದೆ, ಸೇರಿದ್ದೇನೆಂದು ಕೇಳಿದಳು. ಅ ಇಂದ ಳ ವರೆಗೆ ಅವಳ ಅಕ್ಷರಗಳು, ಸೇರಿದ್ದಕ್ಕೆ ಗುರುತಾದ ಹಸಿರು ಬಣ್ಣದಲ್ಲಿ ಸಾಲುಗಟ್ಟಿ ಬಂದವು.