ಒಂದೇ ಕೈಯ ಮುಚ್ಚಳ

“ನೀರು,” ಎಂದಳು ಹೆರಿಗೆ ಮಂಚದ ಮೇಲಿದ್ದವಳು. ಅತ್ತ ಅಮ್ಮನ ಕೈ, ಇತ್ತ ಗಂಡನ ಕೈ. ಎರಡನ್ನೂ ಓಡುವ ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದಿದ್ದಳು. ನೋವು ಬಂದಾಗಲೆಲ್ಲ ಆ ಹಿಡಿತ ಇನ್ನೊಂದು ಸುತ್ತು ಬಿಗಿಯಾಗುತ್ತಿತ್ತು.

“ಒಂದೆರಡು ಗುಟುಕು ಕುಡಿಸಿ, ಸಾಕು,” ಎಂದರು ಸಿಸ್ಟರ್, ಕೈಗವಸು ಏರಿಸಿಕೊಳ್ಳುತ್ತ.

ಗಂಡನ ಮುಖ ಅರಳಿತು. ಪಕ್ಕದ ಸ್ಟೂಲಿನ ಮೇಲಿದ್ದದ್ದು ಅಂತಿಂಥ ಬಾಟಲಿಯಲ್ಲ. ಅದರ ನೀಲಿ ಮುಚ್ಚಳ ಅವನೇ ಕೂತು, ಗೀಚಿ, ಅಳಿಸಿ, ಮತ್ತೆ ಗೀಚಿ ಮಾಡಿದ ಮಾದರಿ. ಒಂದೇ ಕೈಯಲ್ಲಿ ಬಾಟಲಿ ಹಿಡಿದು, ಅದೇ ಕೈಯ ಹೆಬ್ಬೆರಳಿನಿಂದ ಮುಚ್ಚಳದ ಕಿವಿಯನ್ನು ಪಕ್ಕಕ್ಕೆ ತಳ್ಳಿದರೆ ಟಪ್ಪೆಂದು ತೆರೆದುಕೊಳ್ಳಬೇಕು. ಮೇಲಿಂದ ಒತ್ತಿದರೆ ಟಪ್ಪೆಂದು ಮುಚ್ಚಿಕೊಳ್ಳಬೇಕು. ರಜೆ ಕೊಡುವಾಗ ಅವನು ಕೆಲಸಕ್ಕಿದ್ದ ಬಾಟಲಿ ಕಾರ್ಖಾನೆಯ ಮಾಲೀಕರು ಹೇಳಿದ್ದರು: “ಮಗು ಆದ ತಕ್ಷಣ ಸುದ್ದಿ ತಿಳಿಸಪ್ಪಾ. ಹಾಗೇ ಮುಚ್ಚಳಕ್ಕೂ ಹೂಂ ಅಂದುಬಿಡು, ಅಚ್ಚು ಕೊರೆಯೋಕೆ ಕೊಟ್ಟುಬಿಡ್ತೀನಿ. ಒಂದು ಸಲ ಕೊರೆದ ಮೇಲೆ ಮುಗೀತು, ಆಮೇಲೆ ಅಯ್ಯೋ ಅಂದ್ರೆ ನಾನು ಕೇಳಲ್ಲ.”

ಮನೆಯಲ್ಲಿ ಎಲ್ಲರೂ ಅದನ್ನು ತೆರೆದು ನೋಡಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. “ದೇವರು ಎರಡು ಕೈ ಕೊಟ್ಟಿರೋವಾಗ ಒಂದೇ ಕೈಯಲ್ಲಿ ತೆಗೆಯೋ ಹಣೆಬರಹ ಯಾರಿಗೆ ಬಂದಿದೆ ಅಳಿಯಂದಿರೇ?” ಎಂದು ಅವರು ಬಾಟಲಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಈಗ ಬಂದಿತಲ್ಲ ಹಣೆಬರಹ! ಅತ್ತೆಯ ಕಣ್ಣೆದುರೇ ತೋರಿಸಿಬಿಡೋಣವೆಂದು ಅವನು ಬಾಟಲಿಗೆ ಕೈ ಹಾಕಿದ. ಬಲಗೈ ಹೆಂಡತಿಯ ಹತ್ತಿರ ಇತ್ತು. ಹಾಕಿದ್ದು ಎಡಗೈ.

ತಳ್ಳಿದ. ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಬಾಟಲಿ ತಿರುಗಿಸಿ ಹಿಡಿದು ತಳ್ಳಿದ. ಎಡ ಹೆಬ್ಬೆರಳು ಉಲ್ಟಾ ದಿಕ್ಕಿಗೇ ತಳ್ಳುತ್ತಿತ್ತು, ಕಿವಿ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಿತು. ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿದ, ಗಲ್ಲದಿಂದ ಒತ್ತಿದ, ಕೊನೆಗೆ ಬಾಯಿಯ ಹತ್ತಿರ ತಂದ.

“ಹಲ್ಲು ಹಾಕ್ಬೇಡಿ!” ಎಂದು ಸಿಸ್ಟರ್ ಗದರಿದರು.

“ಬರ್ತಿದೆ, ಬರ್ತಿದೆ…”

“ಬರ್ತಿರೋದು ನನ್ನ ಮಗು, ನಿನ್ನ ಮುಚ್ಚಳ ಅಲ್ಲ!” ಎಂದು ಕಿರುಚಿದಳು ಹೆಂಡತಿ. ಮದುವೆಯಾದಾಗಿನಿಂದ ಇದ್ದ ‘ನೀವು’ ಮೂರನೆಯ ನೋವಿಗೇ ‘ನೀನು’ ಆಗಿಹೋಗಿತ್ತು.

“ಒಂದೇ ಒಂದು ಕ್ಷಣ ಕೈ ಬಿಡೇ, ತೆಗೆದುಕೊಡ್ತೀನಿ.”

“ಬಿಡಲ್ಲ! ಸತ್ರೂ ಬಿಡಲ್ಲ!”

“ಆ ಕೈ ಬೇಡಪ್ಪಾ, ನಿಮ್ಮ ಇನ್ನೊಂದು ಕೈಗೆ ಏನಾಗಿದೆ?” ಎಂದರು ಅತ್ತೆ ಮಂಚದ ಆ ಕಡೆಯಿಂದ.

“ಇದು ಎಡಗೈ ಅತ್ತೆ.”

“ಯಾಕೆ, ಎಡಗೈ ಕೈ ಅಲ್ವಾ?”

ಅವನಿಗೆ ಕಾರ್ಖಾನೆಯ ಮೇಜು ಕಣ್ಣಿಗೆ ಕಟ್ಟಿತು. ಅಚ್ಚಿನ ಮೇಸ್ತ್ರಿಯಿಂದ ಲೆಕ್ಕದ ಗುಮಾಸ್ತರವರೆಗೆ ಎಲ್ಲರೂ ಬಂದು, “ಒಂದೇ ಕೈ ತಾನೇ?” ಎಂದು ಎಡಗೈಯನ್ನು ಜೇಬಿಗೆ ತುರುಕಿ, ಬಲಗೈಯಲ್ಲಿ ಟಪ್ಪೆನ್ನಿಸಿ, ಭೇಷ್ ಎಂದು ಹೋಗಿದ್ದರು. ಬಲಗೈಯನ್ನು ಜೇಬಿಗೆ ಹಾಕಿದವರು ಒಬ್ಬರೂ ಇರಲಿಲ್ಲ. ಅವನೂ ಹಾಕಿರಲಿಲ್ಲ.

“ಇಲ್ಲಿ ಕೊಡಿ ಮಾರಾಯರೇ,” ಎಂದು ಅತ್ತೆ ಮಗಳ ಹೊಟ್ಟೆಯ ಮೇಲಿನಿಂದ ಬಲಗೈ ಚಾಚಿದರು. ಅವರ ಎಡಗೈ ಮಗಳ ಮುಷ್ಟಿಯಲ್ಲಿ ಸಿಕ್ಕಿ ಆಗಲೇ ಕೆಂಪಗಾಗಿತ್ತು. ಬಾಟಲಿ ಹಿಡಿದರು, ಹೆಬ್ಬೆರಳು ಇಟ್ಟರು. ಟಪ್!

ಮಗಳು ಎರಡು ಗುಟುಕು ಕುಡಿದಳು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನೋವು ಬಂದು ಮೈಯನ್ನೇ ಕಮಾನು ಮಾಡಿತು. ಅತ್ತೆ ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತಿದ್ದಷ್ಟೇ, ಬಾಟಲಿ ಕೈಜಾರಿ ದಿಂಬಿನ ಮೇಲೆ ಬಿದ್ದು ಉರುಳಿತು. “ಅಯ್ಯೋ, ಹಾಸಿಗೆಯೆಲ್ಲ ಒದ್ದೆ!” ಎಂದು ತಡಕಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಅವರು ಒಮ್ಮೆ ಮುಚ್ಚಳವನ್ನು ನೋಡಿದರು, ಒಮ್ಮೆ ಅಳಿಯನನ್ನು ನೋಡಿದರು. “ಪರವಾಗಿಲ್ವೇ!” ಎಂದರು. ಎಷ್ಟೋ ತಿಂಗಳಿಂದ ಅವನು ಕಾದಿದ್ದ ಮಾತು ಅದು. ಹಿಗ್ಗಲಿಕ್ಕೆ ಪುರಸೊತ್ತೇ ಸಿಗಲಿಲ್ಲ.

“ನೀರಿನ ಕಾರ್ಯಕ್ರಮ ಸಾಕು,” ಎಂದರು ಸಿಸ್ಟರ್. “ತಲೆ ಕಾಣಿಸ್ತಿದೆ. ಮುಕ್ಕಮ್ಮಾ, ಇನ್ನೊಂದು ಸಲ ಜೋರಾಗಿ ಮುಕ್ಕು!”

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಎಲ್ಲ ತಣ್ಣಗಾಗಿತ್ತು. ಹೆಂಡತಿ ಬಾಯಿ ಅರೆತೆರೆದು ನಿದ್ದೆ ಹೋಗಿದ್ದಳು. ಅವನ ಬಲತೋಳಿನಲ್ಲಿ ಬಟ್ಟೆ ಸುತ್ತಿದ ಮಗಳಿದ್ದಳು. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಇದ್ದದ್ದು ಬಲಜೇಬಿನಲ್ಲಿ. ಮಗು ಅಲುಗದಂತೆ ಎಡಗೈಯನ್ನು ಹೊಟ್ಟೆಯ ಮೇಲಿಂದ ಸುತ್ತಿ ತಂದು, ಎರಡು ಬೆರಳಿನಲ್ಲಿ ಮೀನು ಹಿಡಿದಂತೆ ಅದನ್ನು ಎಳೆದುಕೊಂಡ.

“ಏನಪ್ಪಾ ಸಮಾಚಾರ?” ಮಾಲೀಕರ ಗಂಟಲು ಕೋಣೆಯ ತುಂಬ ಕೇಳಿಸಿತು.

“ಹೆಣ್ಣು ಮಗು ಸಾರ್. ಇಬ್ಬರೂ ಚೆನ್ನಾಗಿದಾರೆ.”

“ಭಾಳ ಸಂತೋಷ! ಮುಚ್ಚಳಕ್ಕೆ ಏನಂತೀಯಾ? ಅಚ್ಚಿಗೆ ಕೊಟ್ಟುಬಿಡ್ಲಾ?”

“ಬೇಡ ಸಾರ್, ಸ್ವಲ್ಪ ತಡೀರಿ,” ಎಂದ ಅವನು ಮೆಲ್ಲಗೆ. “ಇನ್ನೊಂದು ಕೈ ಬಾಕಿ ಇದೆ.”

ಮೂಲೆಯ ಕುರ್ಚಿಯಲ್ಲಿ ಅತ್ತೆ ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ನಾಲಿಗೆ ಕಚ್ಚಿಕೊಂಡು, ಎಡಗೈ ಹೆಬ್ಬೆರಳಿನಿಂದ ನೀಲಿ ಮುಚ್ಚಳವನ್ನು ತಳ್ಳಿ ತಳ್ಳಿ ನೋಡುತ್ತಿದ್ದರು.