ಬಿಳಿ ಗೆರೆಯ ಈಚೆ

ಬಿಸಿಲಿಗೆ ಕಾದ ಟಾರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಗಲ್ಫಿನ ಅಲ್ ಅಮೇರಾತಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಪ್ಪ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದರು. "ಆ ರೋಡಲ್ಲಿ ಕಾರಿನವರು ಯಾರನ್ನೂ ನೋಡುದಿಲ್ಲ ಮಾರಾಯಾ," ಎಂದು ಅಪ್ಪ ಗದರಿದರೆ, "ಬಸ್ಸು ಕಾಯುದಕ್ಕಿಂತ ಇದೇ ಲಾಯ್ಕ ಅಣ್ಣ," ಎಂದು ನಗುತ್ತಿದ್ದರು.

ಅಂದು ಫೋನು ಬಂದು ನಾನೂ ಅಪ್ಪನೂ ಓಡಿಹೋದಾಗ ಚಿಕ್ಕಪ್ಪ ರಸ್ತೆಬದಿಯ ಜಲ್ಲಿಯ ಮೇಲೆ ಬಿದ್ದಿದ್ದರು. ಗುದ್ದಿದ ಕಾರಿನ ಯುವಕ ಪಕ್ಕದಲ್ಲೇ ಕುಕ್ಕರಿಸಿ, "ನಹೀಂ ದೇಖಾ ಭಾಯ್, ಸಚ್ ಮೇಂ ನಹೀಂ ದೇಖಾ," ಎಂದು, ತಾನು ನೋಡಲೇ ಇಲ್ಲವೆಂದು ಹಿಂದಿಯಲ್ಲಿ ಅಳುತ್ತಿದ್ದ.

ಅಪ್ಪ ಅವನನ್ನು ಬೈಯಲಿಲ್ಲ. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆಗೆ ಮೆತ್ತಿದ್ದ ಧೂಳನ್ನು ಅಂಗೈಯಿಂದ ಒರೆಸಿದರು.

"ನಾನು ಬಿಳಿ ಗೆರೆಯ ಈಚೆಗೇ ಇದ್ದೆ ಅಣ್ಣ, ರೋಡಿಗೆ ಬರ್ಲೇ ಇಲ್ಲ," ಎಂದರು ಚಿಕ್ಕಪ್ಪ.

"ಗೊತ್ತುಂಟು."

ಆಂಬುಲೆನ್ಸ್ ಬರುವವರೆಗೂ ಅಪ್ಪ ಅದನ್ನೇ ಹೇಳುತ್ತಿದ್ದರು. ಚಿಕ್ಕಪ್ಪ ಕೇಳಿಸಿಕೊಳ್ಳುವುದು ಆಗಲೇ ನಿಂತಿತ್ತು.