ಜೋಯಿಸರ ಕನ್ನಡಕ

"ಕೊನೆಗೆ ಒಂದೇ ಮಾತಲ್ಲಿ ಹೇಳ್ಬಿಡಿ ಜೋಯಿಸರೇ, ನಾಳೆ ಪಂಜರದಲ್ಲಿ ಗೆಲ್ಲೋರು ಯಾರು?" ಎಂದು ಚಾನೆಲ್ಲಿನ ನಿರೂಪಕ ಕೇಳಿದ. ಜೋಯಿಸರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಮೂಗಿಗೇರಿಸಿಕೊಂಡರು. "ನನ್ನ ಮಗಳೇ. ಅನುಮಾನವೇ ಬೇಡ." ಕ್ಯಾಮೆರಾ ಆರಿದ ಮೇಲೆ ನಿರೂಪಕ ಮುಸಿಮುಸಿ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ ಸಾರ್?"

ಅವರು ಗ್ರಹ ನೋಡಿ ಹೇಳುವ ಜೋಯಿಸರಲ್ಲ, ಹೆಗಲು ನೋಡಿ ಹೇಳುವವರು. ಕುಸ್ತಿ, ಬಾಕ್ಸಿಂಗು, ಕರಾಟೆ ಎಲ್ಲವನ್ನೂ ಕಲಸಿ ತಂತಿಬಲೆಯ ಪಂಜರದೊಳಗೆ ಆಡುವ ಎಂಎಂಎ ಕಾಳಗದಲ್ಲಿ ಯಾರ ಹೆಗಲು ಕುಗ್ಗಿದರೆ ಯಾವ ಗುದ್ದು ಬರುತ್ತದೆ, ಯಾರಿಗೆ ಯಾವಾಗ ಉಸಿರು ಕಟ್ಟುತ್ತದೆ ಎಂದು ಹಳೆಯ ವಿಡಿಯೊಗಳನ್ನು ತಿರುಗಿಸಿ ಮುರುಗಿಸಿ ನೋಡಿ ಭವಿಷ್ಯ ನುಡಿಯುತ್ತಿದ್ದರು. ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು. ಅದಕ್ಕೇ ಚಾನೆಲ್ಲಿನವರು ಆ ಹೆಸರಿಟ್ಟಿದ್ದರು. ಒಡಹುಟ್ಟಿದ ತಮ್ಮನ ಶಿಷ್ಯ ಸೋಲುತ್ತಾನೆಂದು ಹೇಳಿ ತಮ್ಮ ಮಾತು ಬಿಟ್ಟರೂ ಜಗ್ಗದಿದ್ದ ಮನುಷ್ಯ ಇವತ್ತು ಕ್ಯಾಮೆರಾದ ಮುಂದೆ ಮೊದಲ ಸಲ ಸುಳ್ಳು ಹೇಳಿದ್ದರು. ಮಗಳು ಸೋಲುತ್ತಾಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದರೆ ಮಗಳು ಟಿವಿಯಲ್ಲಿ ಅದೇ ಕಾರ್ಯಕ್ರಮ ಹಾಕಿಕೊಂಡು, ಕನ್ನಡಕ ಕೈಗೆ ಬಂದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಿ ಕೂತಿದ್ದಳು.

"ಬನ್ನಿ ಜೋಯಿಸರೇ. ನಾನು ಸೋಲ್ತೀನಿ, ಅಲ್ವಾ?"

"ಯಾರಂದ್ರು? ನೀನೇ ಗೆಲ್ಲೋದು ಅಂದೆ, ಕೇಳಿಸ್ಲಿಲ್ವಾ?"

"ಬಾಯಿ ಹಾಗಂತು. ಕೈ ನೋಡಿ." ಅವಳು ಅದೇ ತುಣುಕನ್ನು ನಿಧಾನವಾಗಿ ಓಡಿಸಿದಳು. "ಸಕ್ಕರೆ ಡಬ್ಬಿ ಮುಟ್ಟೇ ಇಲ್ಲ ಅಂತ ಅಮ್ಮಂಗೆ ಹೇಳುವಾಗ್ಲೂ ಹೀಗೇ ಒರೆಸ್ತೀರ."

"ಓಹೋ, ಅದು ನಂಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಮಗಳು ನಗಲಿಲ್ಲ. "ಎಲ್ಲರ ಸೋಲನ್ನೂ ಅವರ ಮುಖಕ್ಕೇ ಹೇಳ್ತೀರ. ನಂಗೆ ಮಾತ್ರ ಹೇಳಲ್ಲ. ನಾನೇನು ಆಟಗಾರ್ತಿ ಅಲ್ವಾ ಅಪ್ಪ?"

ಆ ಮಾತು ಅವರಿಗೆ ನಾಟಿತು. ಅವಳ ಪಕ್ಕದಲ್ಲಿ ಕುಸಿದು ಕೂತರು. "ಕಾಲಿಗೆ ಕೈ ಹಾಕೋ ಮುಂಚೆ ನೀನು ನೆಲ ನೋಡ್ತೀಯ. ಪ್ರತಿ ಸಲ. ಚಿಕ್ಕೋಳಿದ್ದಾಗ ನನ್ನ ಕಾಲು ಹಿಡ್ಕೊಂಡು ಬೀಳಿಸೋಕೆ ಬರ್ತಿದ್ದೆಯಲ್ಲ, ಆಗ್ಲೂ ಅಷ್ಟೇ. ನಾಳೆ ಬರೋಳು ನೀನು ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋಳು. ನೀನು ನೆಲ ನೋಡಿದ್ಯೋ, ಅವಳು ಬಗ್ಗಿ ಕಾಯ್ತಿರ್ತಾಳೆ. ಹೋಗಿ ಸಿಕ್ಕಿಹಾಕ್ಕೊಳ್ತೀಯ." ಕನ್ನಡಕ ಮೂಗಿನ ಮೇಲೇ ಇತ್ತು.

"ನಾಳೆಯೊಳಗೆ ಬಿಡೋಕಾಗುತ್ತಾ, ನೆಲ ನೋಡೋದನ್ನ?"

"ಆಗಲ್ಲ ಕಣೇ. ಹುಟ್ಟುಗುಣ ಸುಟ್ಟರೂ ಹೋಗಲ್ಲ."

"ಹಾಗಾದ್ರೆ ಬಿಡಲ್ಲ, ಬಿಡಿ" ಎಂದು ಅವಳು ಮಲಗಲು ಎದ್ದು ಹೋದಳು. ಜೋಯಿಸರಿಗೆ ಏನೂ ಅರ್ಥವಾಗಲಿಲ್ಲ.

ಮರುದಿನ ಪಂಜರದಲ್ಲಿ ಅವರು ಹೇಳಿದ್ದೇ ನಡೆಯಿತು. ಮಗಳು ನೆಲ ನೋಡಿ ನುಗ್ಗಿದಾಗಲೆಲ್ಲ ಎದುರಾಳಿ ಬಗ್ಗಿ, ಕುತ್ತಿಗೆ ಹಿಡಿದು ಹಣ್ಣುಗಾಯಿ ಮಾಡಿದಳು. ಎರಡನೇ ಸುತ್ತು ಮುಗಿಯುವಾಗ ಮಗಳ ಹುಬ್ಬು ಒಡೆದಿತ್ತು. ತಮ್ಮ ಭವಿಷ್ಯ ಸುಳ್ಳಾಗಲಿ ಎಂದು ಜೋಯಿಸರು ಜನ್ಮದಲ್ಲೇ ಮೊದಲ ಬಾರಿ ಬೇಡಿಕೊಂಡರು. ಮೂರನೇ ಸುತ್ತಿನಲ್ಲಿ ಅವಳು ಮತ್ತೆ ನೆಲ ನೋಡಿದಳು. ಅವರು ಕಣ್ಣು ಮುಚ್ಚಿಬಿಟ್ಟರು.

ಎದುರಾಳಿ ಎಂದಿನಂತೆ ಬಗ್ಗಿದಳು. ಮಗಳು ಮಾತ್ರ ಈ ಸಲ ಕೆಳಗೆ ನುಗ್ಗಲಿಲ್ಲ. ಬಗ್ಗಿ ಬಂದ ಮುಖಕ್ಕೆ ಅವಳ ಮೊಣಕಾಲು ಎದುರಾಯಿತು. ಅವಳು ಕುಸಿದಳು, ರೆಫರಿ ಓಡಿ ಬಂದು ನಡುವೆ ನಿಂತು ಆಟ ನಿಲ್ಲಿಸಿದ.

"ಕಣ್ಣು ಬಿಡ್ರೀ, ಗೆದ್ಲು!" ಎಂದು ಹೆಂಡತಿ ತಿವಿದಳು. ಊರಿನವರ ಕಾಳಗವನ್ನೆಲ್ಲ ಮತ್ತೆ ಮತ್ತೆ ನೋಡಿದವರಿಗೆ ಮಗಳು ಗೆದ್ದ ಆ ಒಂದು ಏಟು ನೋಡುವ ಯೋಗ ಇರಲಿಲ್ಲ.

ಹುಬ್ಬಿಗೆ ಐಸ್ ಒತ್ತಿಕೊಂಡು ಮಗಳು ಬೆಂಚಿನ ಮೇಲೆ ಕೂತಿದ್ದಳು. ಅಪ್ಪನನ್ನು ಕಂಡು ಊದಿದ ತುಟಿಯಲ್ಲೇ ನಕ್ಕಳು. "ಮುಂದಿನ ಸಲ ಚಾಂಪಿಯನ್ ಜೊತೆ ಅಂತೆ. ಏನಂತೀರ ಜೋಯಿಸರೇ?"

ಜೋಯಿಸರು ಕನ್ನಡಕ ತೆಗೆದರು. ಎರಡೂ ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಅಂಗಿಯ ತುದಿ ಹುಡುಕಿ, ಅವಳಿಗೆ ಚೆನ್ನಾಗಿ ಕಾಣುವಂತೆ ಹಿಡಿದು, ನಿಧಾನವಾಗಿ ಒರೆಸತೊಡಗಿದರು.

"ಸೋಲ್ತೀಯ ಮಗಳೇ" ಎಂದರು. "ಅನುಮಾನವೇ ಬೇಡ."